ಟೋನಿ ಗ್ವಿನ್ ಅವರ 3141 ಹಿಟ್‌ಗಳು, ಲೀಗ್ ಸರಾಸರಿಯ ಪಕ್ಕದಲ್ಲಿ: ಒಂದು ಶೀಟ್ ಕಟ್ಟಿದ ದಾಖಲೆ

ಕೆಲಸ ಇಷ್ಟು. ಅಮೆರಿಕದ ಬೇಸ್‌ಬಾಲ್ ಆಟಗಾರ, ಸ್ಯಾನ್ ಡಿಯೆಗೊ ಪ್ಯಾಡ್ರೆಸ್ ತಂಡದ ಟೋನಿ ಗ್ವಿನ್ 1982ರಿಂದ 2001ರವರೆಗೆ ಆಡಿದ್ದು 20 ಸೀಸನ್, ಒಂದೇ ತಂಡಕ್ಕೆ. 9288 ಅಟ್ ಬ್ಯಾಟ್ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ), 3141 ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು), ಸರಾಸರಿ .338. ಅದೇ ವರ್ಷಗಳಲ್ಲಿ, ಅಷ್ಟೇ ಅಟ್ ಬ್ಯಾಟ್ ಕೊಟ್ಟಿದ್ದರೆ ನ್ಯಾಷನಲ್ ಲೀಗಿನ (ಎರಡು ದೊಡ್ಡ ಲೀಗ್‌ಗಳಲ್ಲಿ ಅವರ ತಂಡ ಆಡುವ ಲೀಗ್) ಸಾಧಾರಣ ಬ್ಯಾಟರ್ ಎಷ್ಟು ಹಿಟ್ ಹೊಡೆಯುತ್ತಿದ್ದ? ಈ ಒಂದು ಅಂಕಿ ಬರಬೇಕು, ಮತ್ತು ಆಟಗಾರ ಬದಲಾದರೂ ಶೀಟ್ ಹಾಗೇ ಕೆಲಸ ಮಾಡಬೇಕು.

ಕ್ರಿಕೆಟ್ ಅಂಕಿಗಳ ರೂಢಿ ಇರುವವರು ಒಂದು ವಿಷಯ ಮೊದಲೇ ತಿಳಿದುಕೊಂಡರೆ ಮುಂದಿನದು ಸುಲಭ. ಇಲ್ಲಿ ಸರಾಸರಿ ಎಂದರೆ ಔಟಿಗೆ ಎಷ್ಟು ರನ್ ಅಲ್ಲ. ಅಟ್ ಬ್ಯಾಟಿಗೆ ಎಷ್ಟು ಹಿಟ್. ಸಾವಿರದಲ್ಲಿ ಒಂದನ್ನು ಪಾಯಿಂಟ್ ಅನ್ನುತ್ತಾರೆ. ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟು ಪುಕ್ಕಟೆ ಸಿಕ್ಕ ಬೇಸ್), ಚೆಂಡು ಮೈಗೆ ತಗಲಿ ಬೇಸ್ ಸಿಕ್ಕಿದ್ದು, ಸ್ಯಾಕ್ರಿಫೈಸ್ (ತಾನು ಔಟಾಗಿ ಜೊತೆಗಾರನನ್ನು ಮುಂದೆ ಕಳಿಸುವ ಹೊಡೆತ) ಇವು ಅಟ್ ಬ್ಯಾಟ್‌ಗೆ ಸೇರುವುದಿಲ್ಲ, ಪ್ಲೇಟ್ ಅಪಿಯರೆನ್ಸ್‌ಗೆ (ಬ್ಯಾಟ್ ಹಿಡಿದು ಬಂದ ಒಟ್ಟು ಸರದಿಗೆ) ಸೇರುತ್ತವೆ.

ಸಾಮಾನು: 4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್, ಲಿಬ್ರೆಆಫೀಸ್ ಕ್ಯಾಲ್ಕ್ (ಸ್ಪ್ರೆಡ್‌ಶೀಟ್ ತಂತ್ರಾಂಶ), ಉಚಿತವಾಗಿ ಸಿಗುವ ಲಾಹ್ಮನ್ ಬೇಸ್‌ಬಾಲ್ ಡೇಟಾಬೇಸಿನ ನಾಲ್ಕು ಸಿಎಸ್‌ವಿ ಕಡತಗಳು (ಪೀಪಲ್, ಬ್ಯಾಟಿಂಗ್, ಟೀಮ್ಸ್, ಅಪಿಯರೆನ್ಸಸ್). ಖರ್ಚು ಸೊನ್ನೆ. ಸಮಯ ಒಟ್ಟು ಏಳು ಗಂಟೆ. ತಪ್ಪುಗಳಿಲ್ಲದೆ ಹೋಗಿದ್ದರೆ ಎರಡು ಗಂಟೆಯ ಕೆಲಸ.

ಹಂತ 1: ಸರಿಯಾದ ಗ್ವಿನ್ ಯಾರು

ಬ್ಯಾಟಿಂಗ್ ಕಡತದಲ್ಲಿ ಲಕ್ಷಕ್ಕೂ ಮೀರಿ ಸಾಲುಗಳಿವೆ. ಕ್ಯಾಲ್ಕ್ ತೆರೆಯುತ್ತದೆ, ಆದರೆ ಪ್ರತಿ ಫಾರ್ಮುಲಾಕ್ಕೂ ಏದುಸಿರು ಬಿಡುತ್ತದೆ. ಬೇಕಾದ ಸಾಲುಗಳನ್ನು ಫಿಲ್ಟರ್ ಮಾಡಿ ಬೇರೆ ಶೀಟಿಗೆ ಅಂಟಿಸಿಕೊಂಡು, ಮೂಲ ಕಡತ ಮುಚ್ಚಿಬಿಡುವುದು ಒಳ್ಳೆಯದು.

ಮೊದಲ ಎಡವಟ್ಟು ಇಲ್ಲೇ ಆಯಿತು. ಮನೆತನದ ಹೆಸರಿನ ಮೇಲೆ ಫಿಲ್ಟರ್ ಹಾಕಿದರೆ ಮೂವರು ಬರುತ್ತಾರೆ: ಟೋನಿ, ಅವರ ತಮ್ಮ ಕ್ರಿಸ್, ಮಗ ಟೋನಿ ಜೂನಿಯರ್. ಮೂವರೂ ಪ್ಯಾಡ್ರೆಸ್‌ಗೆ ಆಡಿದವರೇ, ಹಾಗಾಗಿ ತಂಡದ ಫಿಲ್ಟರ್ ಹಾಕಿದರೂ ಬೇರೆಯಾಗುವುದಿಲ್ಲ. ಅಪ್ಪ ಮಗನ ಆಟಗಾರ ಐಡಿಯಲ್ಲಿ ಕೊನೆಯ ಅಂಕಿ ಬಿಟ್ಟರೆ ಉಳಿದದ್ದೆಲ್ಲ ಒಂದೇ. 01 ಅಪ್ಪ, 02 ಮಗ. ಹೆಸರು ಬಿಟ್ಟು ಐಡಿಯಿಂದಲೇ ಹಿಡಿಯಬೇಕು.

ಹಂತ 2: ಕೂಡಿಸಿ ತಾಳೆ

ಮುಂದೆ ಹೋಗುವ ಮೊದಲು ಈ ತಾಳೆ ನೋಡಲೇಬೇಕು. 20 ಸಾಲು ಕೂಡಿಸಿದಾಗ ಅಟ್ ಬ್ಯಾಟ್ 9288, ಹಿಟ್ 3141 ಬರಬೇಕು. ಇನ್ನೊಂದು ತಾಳೆ ಇದಕ್ಕಿಂತ ಗಟ್ಟಿ: ಅಟ್ ಬ್ಯಾಟ್ 9288, ವಾಕ್ 790, ಮೈಗೆ ತಗಲಿದ್ದು 24, ಸ್ಯಾಕ್ರಿಫೈಸ್ ಬಂಟ್ (ಮೆಲ್ಲಗೆ ತಟ್ಟಿದ್ದು) 45, ಸ್ಯಾಕ್ರಿಫೈಸ್ ಫ್ಲೈ (ಎತ್ತರಕ್ಕೆ ಹೊಡೆದದ್ದು) 85. ಒಟ್ಟು 10232, ಅದೇ ಅವರ ಪ್ಲೇಟ್ ಅಪಿಯರೆನ್ಸ್. ಉದ್ದೇಶಪೂರ್ವಕ ವಾಕ್ 203 ಎಂದು ಬೇರೆ ಕಾಲಂನಲ್ಲಿ ಇದೆ. ಅದು 790ರ ಒಳಗೇ ಸೇರಿದೆ. ಅದನ್ನೂ ಕೂಡಿಸಿ 10435 ಬಂದಾಗ ಎಲ್ಲೋ ಸಾಲು ಎರಡು ಸಲ ಅಂಟಿದೆ ಎಂದುಕೊಂಡು ಅರ್ಧ ಗಂಟೆ ಹುಡುಕಿದ್ದು ದಂಡ.

ಹಂತ 3: ಸರಾಸರಿಗಳ ಸರಾಸರಿ ತೆಗೆದ ತಪ್ಪು

20 ವರ್ಷದ ಸರಾಸರಿಗಳನ್ನು ಕೂಡಿಸಿ 20ರಿಂದ ಭಾಗಿಸಿದರೆ .3354. ನಿಜವಾದದ್ದು 3141 ಭಾಗ 9288, ಅಂದರೆ .3382. ಸುಮಾರು 3 ಪಾಯಿಂಟ್ ಕಾಣೆ. ಹಿಟ್ ಲೆಕ್ಕದಲ್ಲಿ ಅದು 26. ಕಾರಣ, 2001ರಲ್ಲಿ ಗಾಯಗಳ ನಡುವೆ ಆಡಿದ 102 ಅಟ್ ಬ್ಯಾಟ್‌ಗೂ 1997ರ 592ಕ್ಕೂ ಒಂದೇ ತೂಕ ಬಿದ್ದಿತ್ತು. ಮೊದಲ ಸೀಸನ್‌ನಲ್ಲಿ ಇದ್ದದ್ದೇ 190 ಅಟ್ ಬ್ಯಾಟ್. ಐದು ಹಿಟ್ ಹೆಚ್ಚು ಕಡಿಮೆಯಾದರೆ ಆ ವರ್ಷದ ಸರಾಸರಿ 26 ಪಾಯಿಂಟ್ ಅಲುಗಾಡುತ್ತದೆ. ಅಂಥ ವರ್ಷಕ್ಕೆ ಪೂರ್ತಿ ಒಂದು ಓಟು ಕೊಡಬಾರದು.

ಹಂತ 4: ಲೀಗ್ ಕಾಲಂ

ಟೀಮ್ಸ್ ಕಡತದಲ್ಲಿ ತಂಡವಾರು ಅಟ್ ಬ್ಯಾಟ್ ಮತ್ತು ಹಿಟ್ ಇವೆ. ವರ್ಷ ಮತ್ತು ಲೀಗ್ ಎರಡನ್ನೂ ಷರತ್ತಾಗಿ ಕೊಟ್ಟು ಸಮ್‌ಇಫ್ಸ್ (ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಫಾರ್ಮುಲಾ) ಹಾಕಬೇಕು: ಒಮ್ಮೆ ಹಿಟ್‌ಗೆ, ಒಮ್ಮೆ ಅಟ್ ಬ್ಯಾಟ್‌ಗೆ. ಆಮೇಲೆ ಭಾಗಾಕಾರ. ತಂಡಗಳ ಸರಾಸರಿಗಳನ್ನು ಸರಾಸರಿ ಮಾಡಿದರೆ ಹಂತ 3ರ ತಪ್ಪೇ ಇನ್ನೊಂದು ವೇಷದಲ್ಲಿ ಬರುತ್ತದೆ.

ಮೊದಲ ಸಲ ಲೀಗಿನ ಷರತ್ತು ಬಿಟ್ಟುಹೋಗಿತ್ತು. ಎರಡೂ ಲೀಗ್ ಬೆರೆತು 1988ಕ್ಕೆ .254 ಬಂತು. ನ್ಯಾಷನಲ್ ಲೀಗ್ ಮಾತ್ರ ತೆಗೆದರೆ .248, ಅಮೆರಿಕನ್ ಲೀಗ್ .259. ಅಮೆರಿಕನ್ ಲೀಗಿನಲ್ಲಿ 1973ರಿಂದ ಪಿಚರ್ (ಚೆಂಡು ಎಸೆಯುವವ) ಬದಲಿಗೆ ನಿಯೋಜಿತ ಹಿಟ್ಟರ್ ಬ್ಯಾಟ್ ಹಿಡಿಯುತ್ತಾನೆ. ಗ್ವಿನ್ ಕಾಲದ ನ್ಯಾಷನಲ್ ಲೀಗಿನಲ್ಲಿ ಬ್ಯಾಟಿಂಗ್ ಅಷ್ಟಾಗಿ ಬಾರದ ಪಿಚರ್‌ಗಳೇ ಬ್ಯಾಟ್ ಮಾಡುತ್ತಿದ್ದರು. 11 ಪಾಯಿಂಟ್ ಅಂತರದ ದೊಡ್ಡ ಪಾಲು ಅದರದ್ದೇ. ಹಾಗಾಗಿ ಲೀಗ್ ಬೆರೆಸುವುದು ಬೇಡ.

ಲೀಗ್ ಮೊತ್ತದಿಂದ ಗ್ವಿನ್ ಅವರನ್ನೇ ಕಳೆಯಬೇಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. 1997ಕ್ಕೆ ಕಳೆದು ನೋಡಿದರೆ ಬದಲಾಗುವುದು ಒಂದು ಪಾಯಿಂಟಿಗಿಂತ ಕಡಿಮೆ. ಬಿಟ್ಟದ್ದಾಯಿತು.

ಹಂತ 5: ಗುಣಾಕಾರ

ಇದೇ ಇಡೀ ಕೆಲಸದ ಬೆನ್ನೆಲುಬು. ಆ ವರ್ಷದ ಲೀಗ್ ಸರಾಸರಿಯನ್ನು ಆ ವರ್ಷ ಆಟಗಾರನಿಗೆ ಸಿಕ್ಕ ಅಟ್ ಬ್ಯಾಟ್‌ನಿಂದ ಗುಣಿಸಿದರೆ 'ಲೀಗ್ ಪಾಲಿನ ಹಿಟ್' ಬರುತ್ತದೆ. ಆಟಗಾರನ ಹಿಟ್ಟನ್ನು ಅದರಿಂದ ಭಾಗಿಸಿ 100ರಿಂದ ಗುಣಿಸಿದರೆ ಸೂಚ್ಯಂಕ. 100 ಅಂದರೆ ಲೀಗಿಗೆ ಸಮ.

ವರ್ಷ | ಅಟ್ ಬ್ಯಾಟ್ | ಹಿಟ್ | ಲೀಗ್ ಸರಾಸರಿ | ಲೀಗ್ ಪಾಲು | ಸೂಚ್ಯಂಕ
1982 | 190 | 55 | .258 | 49.0 | 112
1983 | 304 | 94 | .255 | 77.5 | 121
1984 | 606 | 213 | .255 | 154.5 | 138
1985 | 622 | 197 | .252 | 156.7 | 126
1986 | 642 | 211 | .253 | 162.4 | 130
1987 | 589 | 218 | .261 | 153.7 | 142
1988 | 521 | 163 | .248 | 129.2 | 126
1989 | 604 | 203 | .246 | 148.6 | 137
1990 | 573 | 177 | .256 | 146.7 | 121
1991 | 530 | 168 | .250 | 132.5 | 127
1992 | 520 | 165 | .252 | 131.0 | 126
1993 | 489 | 175 | .264 | 129.1 | 136
1994 | 419 | 165 | .267 | 111.9 | 147
1995 | 535 | 197 | .263 | 140.7 | 140
1996 | 451 | 159 | .262 | 118.2 | 135
1997 | 592 | 220 | .263 | 155.7 | 141
1998 | 461 | 148 | .262 | 120.8 | 123
1999 | 411 | 139 | .268 | 110.1 | 126
2000 | 127 | 41 | .266 | 33.8 | 121
2001 | 102 | 33 | .261 | 26.6 | 124

ಲೀಗ್ ಪಾಲಿನ ಮೊತ್ತ 2389. ಗ್ವಿನ್ ಹೊಡೆದದ್ದು 3141. ಹೆಚ್ಚು ಬಂದದ್ದು 752 ಹಿಟ್, ವೃತ್ತಿಯ ಸೂಚ್ಯಂಕ 131. ಅವರ ಅಟ್ ಬ್ಯಾಟ್‌ಗಳ ತೂಕ ಹಾಕಿದ ಲೀಗ್ ಸರಾಸರಿ .257.

ಲೀಗ್ ಸರಾಸರಿಯನ್ನು ಮೂರೇ ದಶಮಾಂಶಕ್ಕೆ ಇಟ್ಟಿದ್ದರಿಂದ ಎಷ್ಟು ತಪ್ಪಾಗಬಹುದು? ಎಲ್ಲ ವರ್ಷವೂ ಒಂದೇ ದಿಕ್ಕಿಗೆ ವಾಲಿದರೂ 5 ಹಿಟ್ ಮೀರುವುದಿಲ್ಲ. 752ರ ಮುಂದೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸೆಲ್‌ನ ಸಂಖ್ಯಾರೂಪಕ್ಕೆ .000 ಎಂದು ಕೊಟ್ಟರೆ ಮುಂದಿನ ಸೊನ್ನೆ ಇಲ್ಲದೆ .338 ಎಂದೇ ಕಾಣುತ್ತದೆ. ಮೌಲ್ಯವನ್ನು ರೌಂಡ್ ಫಾರ್ಮುಲಾದಿಂದ ಕತ್ತರಿಸಬೇಡಿ, ತೋರಿಕೆಯನ್ನು ಮಾತ್ರ ಬದಲಿಸಿ.

ಹಂತ 6: ಕೋಷ್ಟಕದಲ್ಲಿ ಕಂಡದ್ದು

1988ರ .313 ಮತ್ತು 1999ರ .338. ಬರಿಗಣ್ಣಿಗೆ 25 ಪಾಯಿಂಟ್ ಅಂತರ. ಸೂಚ್ಯಂಕ ಎರಡಕ್ಕೂ 126. ಇನ್ನೊಂದು ದಶಮಾಂಶ ತೆರೆದರೂ 126.2 ಮತ್ತು 126.2. 1988ರಲ್ಲಿ ಆ .313ಕ್ಕೆ ಬ್ಯಾಟಿಂಗ್ ಪ್ರಶಸ್ತಿ (ಆ ವರ್ಷ ಲೀಗಿನ ಅತಿ ಹೆಚ್ಚು ಸರಾಸರಿಗೆ ಸಿಗುವುದು) ಬಂತು, ನ್ಯಾಷನಲ್ ಲೀಗಿನಲ್ಲಿ ಅಲ್ಲಿಯವರೆಗೆ ಪ್ರಶಸ್ತಿ ಗೆದ್ದ ಅತಿ ಕಡಿಮೆ ಸರಾಸರಿ ಎಂಬ ಟಿಪ್ಪಣಿಯ ಜೊತೆಗೆ. ಆ ವರ್ಷ ಇಡೀ ಲೀಗ್ .248ಕ್ಕೆ ಕುಸಿದಿತ್ತು ಎಂಬುದನ್ನು ಪಕ್ಕದಲ್ಲಿ ಇಟ್ಟು ನೋಡದೆ ಆ ಟಿಪ್ಪಣಿ ಓದುವುದು ಗ್ವಿನ್‌ಗೆ ಮಾಡುವ ಅನ್ಯಾಯ. ಈ ಶೀಟ್ ಕಟ್ಟಿದ ಶ್ರಮ ಇದೊಂದು ಸಾಲಿನಲ್ಲೇ ವಸೂಲಾಗುತ್ತದೆ.

ಇನ್ನೊಂದು ಜೋಡಿ: 1992ರಲ್ಲಿ 165 ಹಿಟ್, 1994ರಲ್ಲೂ 165 ಹಿಟ್. ಮೊದಲನೆಯದು ಲೀಗಿಗಿಂತ 34 ಹೆಚ್ಚು, ಎರಡನೆಯದು 53 ಹೆಚ್ಚು. 1994ರ ಆಗಸ್ಟ್ 12ರಂದು ಆಟಗಾರರ ಮುಷ್ಕರ ಶುರುವಾಗಿ ಸೀಸನ್ ಅಲ್ಲಿಗೇ ನಿಂತಿತು. ಗ್ವಿನ್ ಆಗ .394ರಲ್ಲಿದ್ದರು. ಅದೇ 419 ಅಟ್ ಬ್ಯಾಟ್‌ನಲ್ಲಿ ಇನ್ನು ಮೂರು ಹಿಟ್ ಸಿಕ್ಕಿದ್ದರೆ .401, ಅಪರೂಪದ .400ರ ಆಚೆ.

1987 ಮತ್ತು 1997ರಲ್ಲಿ ಲೀಗಿಗಿಂತ ಹೆಚ್ಚು ಬಂದದ್ದು ಎರಡರಲ್ಲೂ 64 ಹಿಟ್. 27ನೇ ವಯಸ್ಸಿನಲ್ಲೂ 37ನೇ ವಯಸ್ಸಿನಲ್ಲೂ ಅದೇ ಅಂತರ! ಫಾರ್ಮುಲಾ ಎಲ್ಲಾದರೂ ಹಿಂದಿನ ಸಾಲನ್ನೇ ಹಿಡಿದುಕೊಂಡಿದೆಯೋ ಎಂದು ಮತ್ತೆ ಪರೀಕ್ಷಿಸಿದ್ದಾಯಿತು. ಇಲ್ಲ, ಅಂಕಿಗಳೇ ಹಾಗಿವೆ.

1993ರ ಸಾಲಿನಲ್ಲಿ ಲೀಗ್ ಸರಾಸರಿ ಒಮ್ಮೆಗೇ .252ರಿಂದ .264ಕ್ಕೆ ಹಾರುತ್ತದೆ. ಕಡತದ ದೋಷವಲ್ಲ. ಆ ವರ್ಷ ಕೊಲರಾಡೊ ಮತ್ತು ಫ್ಲಾರಿಡಾ ತಂಡಗಳು ಹೊಸದಾಗಿ ಸೇರಿದವು, ಕೊಲರಾಡೊ ಆಡಿದ್ದು ಗಾಳಿ ತೆಳುವಾಗಿ ಚೆಂಡು ದೂರ ಹಾರುವ ಡೆನ್ವರ್‌ನಲ್ಲಿ.

1996ಕ್ಕೆ ಒಂದು ಎಚ್ಚರಿಕೆ. ಪ್ರಶಸ್ತಿಗೆ ಪಂದ್ಯಕ್ಕೆ 3.1ರಂತೆ 162 ಪಂದ್ಯಕ್ಕೆ 502 ಪ್ಲೇಟ್ ಅಪಿಯರೆನ್ಸ್ ಬೇಕು. ಗ್ವಿನ್‌ಗೆ ಇದ್ದದ್ದು 498. ನಿಯಮದ ಪ್ರಕಾರ ಕೊರತೆಯ 4ನ್ನು ಹಿಟ್ಟಿಲ್ಲದ ಅಟ್ ಬ್ಯಾಟ್ ಎಂದು ಸೇರಿಸಿ ನೋಡಿದರು: 159 ಭಾಗ 455, .349. ಆಗಲೂ ಮುಂದಿನ ಸ್ಥಾನದಲ್ಲಿದ್ದ ಎಲಿಸ್ ಬರ್ಕ್ಸ್ ಅವರ .344ಕ್ಕಿಂತ ಮೇಲೆ, ಪ್ರಶಸ್ತಿ ಗ್ವಿನ್‌ಗೇ. ಆದರೆ ದಾಖಲೆಯಲ್ಲಿ ಉಳಿಯುವುದು 159 ಭಾಗ 451, .353. ಶೀಟಿಗೆ 455 ಹಾಕಿದರೆ ಹಂತ 2ರ ಮೊತ್ತ 9292 ಆಗಿ ತಾಳೆ ತಪ್ಪುತ್ತದೆ.

ಹಂತ 7: ಗೊತ್ತಿರುವ ವರ್ಷಗಳನ್ನು ಹಾಕಿ ಪರೀಕ್ಷೆ

ಬಿಲ್ ಟೆರ್ರಿ, 1930, ನ್ಯಾಷನಲ್ ಲೀಗ್: 633ಕ್ಕೆ 254, .401. ಆ ವರ್ಷ ಲೀಗ್ ಸರಾಸರಿಯೇ .303. ಸೂಚ್ಯಂಕ 132.

ಕಾರ್ಲ್ ಯಾಸ್ಟ್ರೆಮ್‌ಸ್ಕಿ, 1968, ಅಮೆರಿಕನ್ ಲೀಗ್: 539ಕ್ಕೆ 162, .301. ಲೀಗ್ .230. ಸೂಚ್ಯಂಕ 131.

ಟೆಡ್ ವಿಲಿಯಮ್ಸ್, 1941, ಅಮೆರಿಕನ್ ಲೀಗ್: 456ಕ್ಕೆ 185, .406. ಲೀಗ್ .266. ಸೂಚ್ಯಂಕ 153.

ಮೂರೂ ವರ್ಷ ಪಿಚರ್‌ಗಳು ಬ್ಯಾಟ್ ಮಾಡಿದ ಕಾಲದವು, ಹಾಗಾಗಿ ಗ್ವಿನ್ ಸಾಲುಗಳ ಜೊತೆ ನೇರವಾಗಿ ಇಡಬಹುದು. ಟೆರ್ರಿ ಒಂದೇ ಸೀಸನ್ .401 ಹೊಡೆದು ಲೀಗಿಗಿಂತ ಎಷ್ಟು ಎತ್ತರದಲ್ಲಿ ನಿಂತರೋ, ಗ್ವಿನ್ 20 ವರ್ಷ ಕೂಡಿಸಿದ ಲೆಕ್ಕದಲ್ಲೂ ಸರಿಸುಮಾರು ಅಲ್ಲೇ ನಿಂತಿದ್ದಾರೆ. 1994ರ ಗ್ವಿನ್ ಅಂತೂ ಟೆರ್ರಿಯನ್ನು ದಾಟಿ ವಿಲಿಯಮ್ಸ್ ಹತ್ತಿರಕ್ಕೆ ಹೋಗುತ್ತಾರೆ.

ಹಂತ 8: ಆನ್ ಬೇಸ್ ಮತ್ತು ಸ್ಲಗಿಂಗ್

ಸರಾಸರಿ ವಾಕ್‌ಗಳನ್ನು ಕಾಣುವುದಿಲ್ಲ, ಸಿಂಗಲ್‌ಗೂ (ಒಂದು ಬೇಸಿನ ಹಿಟ್) ಹೋಮ್ ರನ್‌ಗೂ (ನಾಲ್ಕೂ ಬೇಸಿನ ಹಿಟ್) ಭೇದ ಮಾಡುವುದಿಲ್ಲ. ಅದಕ್ಕೆ ಇನ್ನೆರಡು ಕಾಲಂ: ಆನ್ ಬೇಸ್ ಅಂದರೆ ಬೇಸ್ ತಲುಪಿದ ಪ್ರಮಾಣ, ಸ್ಲಗಿಂಗ್ ಅಂದರೆ ಅಟ್ ಬ್ಯಾಟಿಗೆ ಎಷ್ಟು ಬೇಸ್.

ಆನ್ ಬೇಸ್: ಹಿಟ್, ವಾಕ್, ಮೈಗೆ ತಗಲಿದ್ದು ಮೂರನ್ನೂ ಕೂಡಿಸಿದರೆ 3955. ಭಾಜಕ ಅಟ್ ಬ್ಯಾಟ್, ವಾಕ್, ಮೈಗೆ ತಗಲಿದ್ದು, ಸ್ಯಾಕ್ರಿಫೈಸ್ ಫ್ಲೈ ಸೇರಿ 10187. ಉತ್ತರ .388. ಬಂಟ್ ಭಾಜಕಕ್ಕೆ ಸೇರುವುದಿಲ್ಲ. ಅದನ್ನೂ ಸೇರಿಸಿ 10232ರಿಂದ ಭಾಗಿಸಿದರೆ .387, ತಪ್ಪು ಇಷ್ಟು ಚಿಕ್ಕದಾದ್ದರಿಂದಲೇ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಸ್ಲಗಿಂಗ್: 3141 ಹಿಟ್‌ನಲ್ಲಿ 543 ಡಬಲ್, 85 ಟ್ರಿಪಲ್, 135 ಹೋಮ್ ರನ್. ಎಲ್ಲ ಹಿಟ್‌ಗೂ ಒಂದೊಂದು ಬೇಸ್ ಆಗಲೇ ಲೆಕ್ಕಕ್ಕೆ ಬಂದಿರುವುದರಿಂದ ಡಬಲ್‌ಗೆ 1, ಟ್ರಿಪಲ್‌ಗೆ 2, ಹೋಮ್ ರನ್‌ಗೆ 3 ಮಾತ್ರ ಮೇಲೆ ಸೇರಿಸಬೇಕು: 3141, 543, 170, 405, ಒಟ್ಟು 4259 ಬೇಸ್. 9288ರಿಂದ ಭಾಗಿಸಿದರೆ .459.

ಲೀಗಿನ ಮೊತ್ತ ತೆಗೆಯುವಾಗ ತಂಡದ ಕಡತದಲ್ಲಿ ಮೈಗೆ ತಗಲಿದ್ದು, ಸ್ಯಾಕ್ರಿಫೈಸ್ ಫ್ಲೈ ಕಾಲಂ ಖಾಲಿ ಇದೆಯೇ ಎಂದು ನೋಡಿಕೊಳ್ಳಿ. ಖಾಲಿ ಸೆಲ್ಲನ್ನು ಸಮ್‌ಇಫ್ಸ್ ಸದ್ದಿಲ್ಲದೆ ಸೊನ್ನೆ ಎಂದುಕೊಳ್ಳುತ್ತದೆ. ಖಾಲಿ ಇದ್ದ ಕಡೆ ಆಟಗಾರರ ಕಡತದಿಂದ ಕೂಡಿಸಬೇಕು.

ದೊಡ್ಡ ತಪ್ಪು ಆದದ್ದು ಇಲ್ಲಿ. 1994ರ ಗ್ವಿನ್: ಆನ್ ಬೇಸ್ .454, ಸ್ಲಗಿಂಗ್ .568. ಲೀಗ್: .333 ಮತ್ತು .415. ಎರಡನ್ನೂ ಕೂಡಿಸಿ ಭಾಗಿಸಿದರೆ 1.022 ಭಾಗ .748, ಅಂದರೆ 137. ಈ ಎರಡನ್ನೂ ಸೇರಿಸಿ ಲೀಗಿಗೆ ಹೋಲಿಸುವ ಪ್ರಕಟಿತ ಸೂಚ್ಯಂಕ ಓಪಿಎಸ್ ಪ್ಲಸ್ 169. ಎಲ್ಲಿ ಹೋಯಿತು 32? ಓಪಿಎಸ್ ಪ್ಲಸ್ ಅನುಪಾತವನ್ನು ಹಾಗೆ ತೆಗೆಯುವುದೇ ಇಲ್ಲ. ಆನ್ ಬೇಸ್ ಅನ್ನು ಲೀಗ್ ಆನ್ ಬೇಸ್‌ನಿಂದ, ಸ್ಲಗಿಂಗ್ ಅನ್ನು ಲೀಗ್ ಸ್ಲಗಿಂಗ್‌ನಿಂದ ಬೇರೆ ಬೇರೆ ಭಾಗಿಸಿ, ಕೂಡಿಸಿ, 1 ಕಳೆದು, 100ರಿಂದ ಗುಣಿಸಬೇಕು: 1.363 ಮತ್ತು 1.369, ಕಳೆ 1, ಅಂದರೆ 173. ಉಳಿದ 4ಕ್ಕೆ ಕಾರಣ, ಪ್ರಕಟಿತ ಅಂಕಿ ಮೈದಾನದ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಲೀಗ್ ಮೊತ್ತದಿಂದ ಪಿಚರ್‌ಗಳನ್ನು ಹೊರಗಿಡುತ್ತದೆ. ಹಾಗಾಗಿ ಬ್ಯಾಟಿಂಗ್ ಸೂಚ್ಯಂಕ 131, ವೃತ್ತಿಯ ಓಪಿಎಸ್ ಪ್ಲಸ್ 132 ಎರಡೂ ಹತ್ತಿರ ಬಂದದ್ದು ಕಾಕತಾಳೀಯ. ಎರಡರ ಅಳತೆಗೋಲು ಬೇರೆ. ಒಂದೇ ಕಾಲಂನಲ್ಲಿ ಇಡಬಾರದು.

1994ರಲ್ಲಿ ಬ್ಯಾಟಿಂಗ್ ಸೂಚ್ಯಂಕ 147 ಇದ್ದರೂ ಆನ್ ಬೇಸ್ 136ಕ್ಕೆ ನಿಲ್ಲುತ್ತದೆ. ಗ್ವಿನ್ ಚೆಂಡನ್ನು ಬಿಟ್ಟು ವಾಕ್ ಪಡೆಯುವವರಲ್ಲ, ಹೊಡೆಯುವವರು. ಮೂರನೇ ಬೇಸ್ ಮತ್ತು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ನಡುವಿನ ಸಂದಿಯನ್ನು ಹುಡುಕಿ ಹೊಡೆಯುವವರು. 10232 ಪ್ಲೇಟ್ ಅಪಿಯರೆನ್ಸ್‌ನಲ್ಲಿ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಬಿದ್ದು ಔಟಾದದ್ದು) ಬರೀ 434. ಸುಮಾರು 24ಕ್ಕೆ ಒಂದು.

ಹಂತ 9: ಪಿಚರ್‌ಗಳನ್ನು ತೆಗೆಯುವುದು (ಅರ್ಧಕ್ಕೆ ನಿಂತಿದೆ)

752 ಎಂಬ ಅಂಕಿಯಲ್ಲಿ ಸ್ವಲ್ಪ ಉಬ್ಬು ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಲೀಗ್ ಮೊತ್ತದಲ್ಲಿ ಪಿಚರ್‌ಗಳ ಬ್ಯಾಟಿಂಗೂ ಇದೆ, ಅವರ ಸರಾಸರಿ ಹೆಚ್ಚೂ ಕಡಿಮೆ .140ರ ಆಸುಪಾಸು. ಅವರನ್ನು ತೆಗೆದರೆ ಲೀಗ್ ಸರಾಸರಿ ಸುಮಾರು 7 ಪಾಯಿಂಟ್ ಏರುತ್ತದೆ. ಅಂದಾಜಿನಲ್ಲಿ ಗ್ವಿನ್ ಸೂಚ್ಯಂಕ 128ಕ್ಕೆ, ಹೆಚ್ಚುವರಿ ಹಿಟ್ ಸುಮಾರು 690ಕ್ಕೆ ಇಳಿಯುತ್ತದೆ.

ಅಂದಾಜು ಬೇಡ, ನಿಖರವಾಗಿ ಬೇಕು ಎಂದರೆ ಅಪಿಯರೆನ್ಸಸ್ ಕಡತದಲ್ಲಿ ಪಿಚರ್ ಆಗಿ ಆಡಿದ ಪಂದ್ಯ ಮತ್ತು ಒಟ್ಟು ಪಂದ್ಯದ ಕಾಲಂಗಳಿವೆ. ಅರ್ಧಕ್ಕಿಂತ ಹೆಚ್ಚು ಪಿಚರ್ ಆಗಿ ಆಡಿದವರ ಐಡಿಗಳನ್ನು ಬ್ಯಾಟಿಂಗ್ ಸಾಲುಗಳಿಂದ ತೆಗೆಯಬೇಕು. ಐಡಿ, ವರ್ಷ, ತಂಡ ಮೂರೂ ಹೊಂದಬೇಕು. ಐಡಿ ಒಂದನ್ನೇ ಹಿಡಿದರೆ ಪಿಚರ್ ಆಗಿ ಶುರುಮಾಡಿ ಆಮೇಲೆ ಬ್ಯಾಟರ್ ಆದವರ ಎಲ್ಲ ವರ್ಷಗಳೂ ಹೊರಗೆ ಹೋಗುತ್ತವೆ. 20 ವರ್ಷದ ಸಾವಿರಾರು ಸಾಲಿಗೆ ಈ ಹುಡುಕಾಟ ಹಾಕಿದಾಗ ಕ್ಯಾಲ್ಕ್ ಎರಡು ಸಲ ನಿಂತುಹೋಯಿತು. ಇದನ್ನು ವರ್ಷಕ್ಕೊಂದು ಶೀಟ್ ಮಾಡಿಯೇ ಮುಗಿಸಬೇಕು, ಇಲ್ಲವೇ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಹೋಗಬೇಕು. ಅಲ್ಲಿ ಡಬಲ್, ಟ್ರಿಪಲ್ ಕಾಲಂಗಳ ಹೆಸರು ಅಂಕಿಯಿಂದ ಶುರುವಾಗುವುದರಿಂದ ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ದೋಷ ಬರುತ್ತದೆ.

ಹಂತ 10: ನಕ್ಷೆ

ಗ್ವಿನ್ ಸರಾಸರಿಗೆ ಒಂದು, ಲೀಗ್ ಸರಾಸರಿಗೆ ಒಂದು, ಎರಡು ಗೆರೆ ಸಾಕು, ನಿಂತ ಅಕ್ಷ .200ರಿಂದ .420. ಸೊನ್ನೆಯಿಂದ ಶುರುಮಾಡಿದರೆ ಲೀಗಿನ .246ಕ್ಕೂ .268ಕ್ಕೂ ವ್ಯತ್ಯಾಸವೇ ಕಾಣದೆ ಗೆರೆ ಚಪ್ಪಟೆಯಾಗುತ್ತದೆ. 1982, 2000, 2001ರ ಬಿಂದುಗಳನ್ನು ಒಳಗೆ ಖಾಲಿ ಬಿಟ್ಟಿದೆ, 200 ಅಟ್ ಬ್ಯಾಟ್‌ಗಿಂತ ಕಡಿಮೆ ಎಂಬ ಗುರುತಿಗೆ.

ಹಂತ 11: ಬೇರೆ ಆಟಗಾರನಿಗೆ

ಗ್ವಿನ್ ಸುಲಭದ ಪ್ರಕರಣ: ಒಂದು ತಂಡ, ಒಂದು ಲೀಗ್, ವರ್ಷಕ್ಕೊಂದೇ ಸಾಲು. ಕಠಿಣ ಪರೀಕ್ಷೆಗೆ ಮಾರ್ಕ್ ಮೆಗ್ವಯರ್ ಅವರ 1997. ವರ್ಷದ ನಡುವೆ ಓಕ್ಲೆಂಡ್‌ನಿಂದ ಸೇಂಟ್ ಲೂಯಿಸ್‌ಗೆ, ಅಂದರೆ ಅಮೆರಿಕನ್‌ನಿಂದ ನ್ಯಾಷನಲ್ ಲೀಗಿಗೆ. ಕಡತದಲ್ಲಿ ಎರಡು ಸಾಲು. ವರ್ಷವನ್ನು ಮಾತ್ರ ಕೀಲಿಯಾಗಿಟ್ಟ ವಿಲುಕಪ್ (ಕೀಲಿ ಹುಡುಕಿ ಅದರ ಮೌಲ್ಯ ತರುವ ಫಾರ್ಮುಲಾ) ಎರಡಕ್ಕೂ ಮೊದಲು ಸಿಕ್ಕ ಲೀಗಿನ ಸರಾಸರಿಯನ್ನೇ ಅಂಟಿಸಿತು. ವರ್ಷ ಮತ್ತು ಲೀಗ್ ಎರಡನ್ನೂ ಜೋಡಿಸಿ ಒಂದೇ ಕೀಲಿ ಮಾಡಿದ ಮೇಲೆ ಸರಿಹೋಯಿತು: 366 ಅಟ್ ಬ್ಯಾಟ್‌ಗೆ .271ರಂತೆ 99.2, 174ಕ್ಕೆ .263ರಂತೆ 45.8, ಒಟ್ಟು 145. ಮೆಗ್ವಯರ್ ಹೊಡೆದದ್ದು 148 ಹಿಟ್. ಸೂಚ್ಯಂಕ 102.

ಆ ವರ್ಷ ಅವರ ಹೋಮ್ ರನ್ 58, ಒಂದು ಲೀಗಿನಲ್ಲಿ 34, ಇನ್ನೊಂದರಲ್ಲಿ 24. ಬ್ಯಾಟಿಂಗ್ ಸರಾಸರಿಯ ಕಾಲಂಗೆ ಅದು ಕಾಣುವುದೇ ಇಲ್ಲ. ಮೆಗ್ವಯರ್ ತರಹದವರಿಗೆ ಈ ಶೀಟಿನಲ್ಲಿ ನೋಡಬೇಕಾದದ್ದು ಹಂತ 8ರ ಕಾಲಂಗಳನ್ನು, ಅವಕ್ಕೂ ಇದೇ ಜೋಡಿ ಕೀಲಿ ಹಾಕಿದ ಮೇಲೆ. ಸದ್ಯ ಆನ್ ಬೇಸ್‌ಗೆ ಹಾಕಿ ಆಗಿದೆ, ಸ್ಲಗಿಂಗ್‌ಗೆ ಹಾಕುವುದು ಬಾಕಿ ಇದೆ.